ಅವನ ಕಾಗದಕ್ಕೆ ಸಹಿ ಹಾಕಬೇಡ

ತಮ್ಮಾ,

ನಿನ್ನ ಡ್ರಮ್ಮಿನ ಗೆಳೆಯ ಹತ್ತು ಗಂಟೆಗೆ ಬರುತ್ತಾನೆ. ನೀನು ಕಟ್ಟಿದ ಹಾಡು ತನ್ನದೆಂದು ಬರೆದುಕೊಂಡ ಕಾಗದಕ್ಕೆ ನಿನ್ನ ಸಹಿ ಬೇಕಂತೆ. “ಸುಮ್ನೆ ಫಾರ್ಮಾಲಿಟಿ ಕಣೋ” ಅನ್ನುತ್ತಾನೆ. ಹಾಕಬೇಡ. ಜಗಳಕ್ಕೂ ಇಳಿಯಬೇಡ, ಅದು ನಿನಗೆ ಬರುವುದಿಲ್ಲ. ಚಹಾ ಕೊಟ್ಟು ಕೂರಿಸಿಕೊ. ಪೆನ್ನು ಹುಡುಕುತ್ತಿರು, ಮನೆಯ ಪೆನ್ನುಗಳೆಲ್ಲ ನನ್ನ ಚೀಲದಲ್ಲಿವೆ.

ನಾನು ಕಾಪಿರೈಟ್ ಕಚೇರಿಗೆ ಹೊರಟೆ. ನಿನ್ನೆ ಗ್ಯಾಸಿನ ಫಾರಂ ಎಂದು ನಿನ್ನಿಂದ ಸಹಿ ಹಾಕಿಸಿದ್ದು ನಿನ್ನ ಹಾಡಿನ ಅರ್ಜಿಗೇ. ಓದದೆ ಸಹಿ ಹಾಕುವ ಚಾಳಿ ಒಮ್ಮೆಯಾದರೂ ಉಪಯೋಗಕ್ಕೆ ಬಂತು. ಅಡುಗೆಮನೆಯಲ್ಲಿ ನೀನು ರಾಗ ಹುಡುಕುತ್ತಿದ್ದ ರೆಕಾರ್ಡಿಂಗೂ ಜೊತೆಗಿದೆ, ಹಾಲುಕ್ಕಿತೆಂದು ನಾನು ಬೈದದ್ದೂ ಸೇರಿ.

ಅರ್ಜಿಯ ನಂಬರ್ ಸಿಕ್ಕ ಕೂಡಲೇ ಫೋನ್ ಮಾಡುತ್ತೇನೆ. ಸ್ಪೀಕರಿಗೆ ಹಾಕಿ ಅವನ ಮುಂದಿಡು. ತುಂಬಿದ ಸಭೆಯಲ್ಲಿ ನಿನ್ನನ್ನು “ನಮ್ಮ ವೈರ್ ಹೊರೋನು” ಅಂದವನು ತೊದಲುವುದನ್ನು ಕಿವಿಯಾರೆ ಕೇಳಬೇಕು.

ಅಕ್ಕ