ಮೂರು ಬೆರಳು ಸರಿದ ಚಕ್ರ

ತೇಲೂರು, ನೀರೇರಿದ ಎಂಬತ್ತೊಂದನೆಯ ವರ್ಷ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2214ರ ಚೈತ್ರ.

ಇನ್ನೂರು ವರ್ಷದ ಹಿಂದೆ, ಇನ್ನೂ ಒಣನೆಲದ ಮೇಲೆ ಕೂತು ಬಾವುಟದ ಬಟ್ಟೆ ನೇಯುತ್ತಿರುವ ಹಿರಿಯರಿಗೆ ಗದಿಗೆಪ್ಪನ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಇಷ್ಟು ವರ್ಷದಲ್ಲಿ ಭಾಷೆಯೂ ಸವೆಯುತ್ತದೆ. ಅದರ ಮೇಲೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಅರ್ಧ ಮರೆತಿದೆ, ಉಳಿದರ್ಧ ಬೇಡದ ಕಡೆ ಬಾಯಿಗೆ ಬರುತ್ತದೆ.

ತೇಲೂರು ಎಂದರೆ ಕಡಲಿನ ಮೇಲೆ ಒಂದಕ್ಕೊಂದು ಬಿಗಿದ ನಲವತ್ತು ತೆಪ್ಪಗಳ ಊರು. ಕರಾವಳಿ ಮುಳುಗಿದಾಗ ಬಂದರಿನ ಕೆಲಸಕ್ಕೆ ಬಂದಿದ್ದ ಧಾರವಾಡದ ಕಡೆಯವರು ಇಲ್ಲೇ ಉಳಿದುಬಿಟ್ಟರು. ನಾನು ಇಲ್ಲಿಯ ಅಳತೆಗಾರ. ವರ್ಷಕ್ಕೊಂದು ಅಳತೆದಿನ ಬರುತ್ತದೆ. ಅಂದು ಬಾವುಟ ಇಳಿಸಿ ನೋಡುತ್ತೇನೆ. ಉದ್ದ ಮೂರು ಪಾಲು, ಅಗಲ ಎರಡು. ಮೂರು ಪಟ್ಟಿ ಸಮ. ಬಿಳಿಯ ನಟ್ಟನಡುವೆ ಚಕ್ರ, ಇಪ್ಪತ್ನಾಲ್ಕು ಅರೆಗಳು, ಅರೆಯಿಂದ ಅರೆಗೆ ಹದಿನೈದು ಡಿಗ್ರಿ. ಪ್ರಪೋರ್ಷನ್ ಅಂತಲೋ ಏನೋ ನಮ್ಮ ಮೇಷ್ಟ್ರು ಅನ್ನುತ್ತಿದ್ದರು. ಬಣ್ಣಗಳ ಅರ್ಥ ಹೇಳುವುದು ಶಾಲೆಯವರ ಪಾಡು. ಹಸಿರೆಂದರೆ ಹೊಲ ಎಂದರೆ, ಹೊಲ ಎಂದರೇನು ಎಂದು ಮಕ್ಕಳಿಗೆ ಮತ್ತೆ ಹೇಳಬೇಕು. ಅವರಿಗದು ಪಾಚಿಯ ಬಣ್ಣ. ನಾವು ರೊಟ್ಟಿ ಬಡಿಯುವುದೂ ಪಾಚಿಹಿಟ್ಟಿನದೇ ಆದ್ದರಿಂದ ಅರ್ಥ ಬಹಳ ದೂರ ಹೋಗಿಲ್ಲ.

ಬಾವುಟ ಹೊಲಿಯುತ್ತಿದ್ದವಳು ನನ್ನ ಹೆಂಡತಿ ಶಂಕ್ರೆವ್ವ. ಉಪ್ಪುಗಾಳಿ ಬಟ್ಟೆಯ ಹಾರುವ ಅಂಚನ್ನು ತಿನ್ನುತ್ತದೆ. ವರ್ಷಕ್ಕೆ ಅರ್ಧ ಬೆರಳು ಕತ್ತರಿಸಿ ಆ ಅಂಚನ್ನು ಮತ್ತೆ ಮಡಚಿ ಹೊಲಿಯುತ್ತಿದ್ದಳು. ಹಾಗೆ ಮಾಡಿದರೆ ಚಕ್ರ ನಡುವೆ ಉಳಿಯುವುದಿಲ್ಲ, ಕಂಬದ ಕಡೆಯಿಂದಲೂ ಅಷ್ಟೇ ಕತ್ತರಿಸಬೇಕು, ಅಗಲವನ್ನೂ ಇಳಿಸಬೇಕು ಎಂದೆ. ಅವಳು ತಲೆಯೆತ್ತದೆ ಹೇಳಿದಳು:

"ಗಾಳಿ ಒಂದ ಕಡಿಂದ ತಿಂತೈತಿ. ನೀವು ಅಳತಿ ಅಂತ ನಾಕೂ ಕಡಿಂದ ತಿಂದ್ರ, ನಾಳೆ ಕಂಬಕ್ಕ ಕರವಸ್ತ್ರ ಕಟ್ಟೂಣೇನು?"

ನಕ್ಕು, ದಫ್ತರದಲ್ಲಿ 'ಕರೆಕ್ಟ್' ಎಂದು ಬರೆದೆ. ದಡದಿಂದ ಹೊಸ ಬಟ್ಟೆ ಬರುತ್ತಿರಲಿಲ್ಲ. ಹನ್ನೆರಡು ವರ್ಷ ಹಾಗೇ ಬರೆದೆ.

ಹೋದ ವರ್ಷ ಅವಳು ತೀರಿಕೊಂಡಳು. ಈ ವರ್ಷ ದೋಣಿಯಲ್ಲಿ ಹೊಸ ಬಾವುಟ ಬಂತು. ಹಳೆಯದು ಅಳತೆಗೆ ನಿಲ್ಲದಿದ್ದರೆ ಅದನ್ನು ಮರೆಯಲ್ಲಿ, ಮರ್ಯಾದೆಯಿಂದ, ಇಡಿಯಾಗಿ ಸುಡಬೇಕು. ನೆನಪಿಗೆಂದು ಒಂದು ಎಳೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಊರಿನ ಮುಖ್ಯಸ್ಥೆ ಬಾಳವ್ವ ನನ್ನನ್ನು ಪಕ್ಕಕ್ಕೆ ಕರೆದಳು.

"ಕಾಕಾ, ನೀವು ಸರಿ ಐತಿ ಅಂದ್ರ ಮುಗೀತು. ಕಾಕೂನ ಕೈಹೊಲಿಗಿ ಇನ್ನಷ್ಟು ವರ್ಷ ಹಾರ್ಲಿ."

ನಾನೂ ಹಾಗೆಯೇ ಬರೆಯುವವನಿದ್ದೆ. ಆದರೆ ಅಳತೆ ನಡೆಯುವುದು ಶಾಲೆಯ ಪಡಸಾಲೆಯಲ್ಲಿ. ಗೋಡೆಯ ತುಂಬ ಮಕ್ಕಳು ಬರೆದ ಬಾವುಟಗಳಿದ್ದವು. ಒಂದೊಂದರಲ್ಲೂ ಚಕ್ರ ಬಲಕ್ಕೆ ಸರಿದಿತ್ತು. ಅವರು ಕಂಡದ್ದನ್ನು ಬರೆದಿದ್ದರು, ಅಷ್ಟೇ.

ಬಟ್ಟೆಯನ್ನು ನಡುವಿಗೆ ಮಡಚಿದೆ. ಉದ್ದದಲ್ಲಿ ಆರು ಬೆರಳು ಹೋಗಿತ್ತು. ಚಕ್ರ ನಡುವಿನಿಂದ ಮೂರು ಬೆರಳು ಆಚೆಗಿತ್ತು. ಇದ್ದದ್ದನ್ನು ಬರೆದು ಸಹಿ ಹಾಕಿದೆ. ಹಿಂದಿನ ಹನ್ನೆರಡು ಸಹಿಗಳ ಕೆಳಗೆ ಅವು ಸುಳ್ಳೆಂದೂ ಬರೆದೆ. ಊರಿನ ಹಿಂಬದಿಯ ತೆಪ್ಪದಲ್ಲಿ ಬಾವುಟವನ್ನು ನಾನೇ ಸುಟ್ಟೆ. ಹೊಲಿಗೆ ದಪ್ಪವಾಗಿದ್ದ ಅಂಚು ಎಲ್ಲಕ್ಕಿಂತ ಕೊನೆಗೆ ಉರಿಯಿತು.

ಹಿರಿಯರೇ, ನಿಮ್ಮಲ್ಲಿ ಕೇಳುವುದಿಷ್ಟೇ. ಅಳತೆ ಮಾಡುವಾಗ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾರುವ ಅಂಚಿನಲ್ಲಿ ಆರು ಬೆರಳು ಬಟ್ಟೆ ಒಳಗೆ ಮಡಚಿಡಿ, ಸವೆದಷ್ಟು ಬಿಚ್ಚಿಕೊಳ್ಳಲಿ. ಆರು ಹೆಚ್ಚಾಯಿತು ಎನ್ನುವುದಾದರೆ ನಾಲ್ಕಾದರೂ ಇಡಿ.