ಯಾರೂ ಕೇಳದೆ ನೀವು ಹಾಕಿದ ಸುತ್ತು

ಟಿಳಕವಾಡಿ, ಬೆಳಗಾವಿ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮುಗ್ಧಾಳ ನಮಸ್ಕಾರಗಳು. ಭುಜದ ಆಪರೇಷನ್ ಚೆನ್ನಾಗಿ ಆಯಿತೆಂದು ಧಾರವಾಡದಿಂದ ನಿಮ್ಮ ಮಗಳು ಸೃಷ್ಟಿ ಫೋನ್ ಮಾಡಿದ್ದಳು. ನಾನು ಫೋನಿನಲ್ಲಿ ಹೊಗಳಲು ಹೊರಟರೆ ನೀವು ಅರ್ಧಕ್ಕೇ ತಡೆದು, ಇವತ್ತೇನು ಪಲ್ಯ ಮಾಡಿದಿ ಎಂದು ಕೇಳುತ್ತೀರಿ. ಕಾಗದವನ್ನು ತಡೆಯಲಾರಿರಿ ಎಂದು ಬರೆಯುತ್ತಿದ್ದೇನೆ.

ಸಾಲೆಯಿಂದ ನಿವೃತ್ತರಾದ ಮೇಲೆ ಹಾಯಿದೋಣಿ ನಡೆಸುವುದನ್ನು ಕಲಿಯುತ್ತೇನೆ ಎಂದಿರಿ. ಮನೆಮಂದಿಯೆಲ್ಲ ನಕ್ಕರು. ಜೀವನವಿಡೀ ಗಣಿತ ಕಲಿಸಿದ ನಿಮಗೆ ಈಜು ಕೂಡ ಬರುತ್ತಿರಲಿಲ್ಲ. ಮೊದಲು ಅದನ್ನು ಕಲಿತಿರಿ, ಆಮೇಲೆ ಹಾಯಿ. ಖಾನಾಪುರದಾಚೆಯ ದೊಡ್ಡ ಕೆರೆಯಲ್ಲಿ ಸಣ್ಣದೊಂದು ಕ್ಲಬ್ಬು ಶನಿವಾರ ಸಂಜೆ ಪಂದ್ಯ ನಡೆಸುತ್ತಿತ್ತು. ಜೊತೆಗೆ ಯಾರೂ ಸಿಗದೆ ಒಂದು ದಿನ ನನ್ನನ್ನೇ ಕರೆದಿರಿ.

"ನೀ ಮುಂದ ಕುಂದರು, ಹಗ್ಗ ಹಿಡಿ, ಹೇಳಿದಾಗ ಬಿಡು. ಹೆದರಿಕಿ ಬಂದ್ರ ಹೇಳು. ನನಗೂ ಬರತೈತಿ."

ಕೊನೆಯ ಆ ಮಾತು ಕೇಳಿಯೇ ನಾನು ಬರಲು ಒಪ್ಪಿದೆ. ಮರಾಠಿ ಮನೆಯಿಂದ ಸೊಸೆಯಾಗಿ ಬಂದ ನನ್ನೆದುರು ಅಲ್ಲಿಯವರೆಗೆ ಯಾರೂ ತಮ್ಮ ಹೆದರಿಕೆಯನ್ನು ಹೇಳಿಕೊಂಡಿರಲಿಲ್ಲ.

ಈ ಸಲ ಮಳೆಗಾಲಕ್ಕೆ ಮುಂಚಿನ ಕೊನೆಯ ಪಂದ್ಯವನ್ನು ನಾನು ಮರೆಯುವಂತಿಲ್ಲ. ಇದಾದ ಮೇಲೆ ಚುಕ್ಕಾಣಿ ಮುಟ್ಟಬೇಡಿ ಎಂದು ನಿಮ್ಮ ಭುಜ ನೋಡಿದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಲ್ಲಿಯವರೆಗೆ ನೀವು ಒಮ್ಮೆಯೂ ಮೊದಲು ಬಂದಿರಲಿಲ್ಲ. ಅಂದು ಮಾತ್ರ ಗಾಳಿಯ ಒಂದೊಂದು ಹೊರಳನ್ನೂ ಮೊದಲೇ ಬಲ್ಲವರಂತೆ ದೋಣಿ ನಡೆಸಿದಿರಿ. ಪ್ರತಿ ವರ್ಷ ಗೆಲ್ಲುವ ಪೀರನವಾಡಿಯ ಈರಣ್ಣ ನಮ್ಮ ಹಿಂದೆ ಉಳಿದಿದ್ದ. ಗಾಳಿಯ ಕಡೆಯ ಅಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಹೊರಕ್ಕೆ ಬಾಗಿ, ತಿರುವು ಗುರುತಿಸುವ ಕಿತ್ತಳೆ ಬಣ್ಣದ ಕೊನೆಯ ತೇಲುಗುಂಡನ್ನು ಬಳಸಿ ತಿರುಗಿದೆವು. ಇನ್ನು ದಡದ ಗೆರೆಯೊಂದೇ ಬಾಕಿ.

"ಮುಗ್ಧಾ, ತೇಲುಗುಂಡಿಗೆ ನನ್ನ ಬೆನ್ನು ತಾಕಿತು. ಸುತ್ತು ಹಾಕೂಣು," ಎಂದಿರಿ.

"ಅತ್ತೀ, ಬಾಜೂಕ ಇದ್ದ ನನಗ ಗೊತ್ತಾಗಿಲ್ಲ. ಯಾರೂ ನೋಡಿಲ್ಲರೀ!"

"ನನ್ನ ಬೆನ್ನಿಗೆ ಗೊತ್ತಾತಲ್ಲ. ಹಗ್ಗ ಬಿಡು."

ಗುಂಡು ಮುಟ್ಟಿದವರು ದೋಣಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿಯೇ ಮುಂದೆ ಹೋಗಬೇಕು. ನಮ್ಮ ಪಂದ್ಯದಲ್ಲಿ ಅಂಪೈರ್ ಇಲ್ಲ, ಮುಟ್ಟಿದವರೇ ಒಪ್ಪಿಕೊಳ್ಳಬೇಕು. ನೋಯುವ ಕೈಯಲ್ಲಿ ಚುಕ್ಕಾಣಿ ಎಳೆಯುವಾಗ ನೀವು ತುಟಿ ಕಚ್ಚಿದ್ದನ್ನು ನೋಡಿದೆ. ಅಷ್ಟರಲ್ಲಿ ಈರಣ್ಣ ನಮ್ಮನ್ನು ದಾಟಿಹೋದ.

ದಡದಲ್ಲಿ ನಿಂತು ನೋಡುತ್ತಿದ್ದ ನನ್ನ ಹೆತ್ತಮ್ಮ, ಆಯಿಗೆ ನಿಯಮ ತಿಳಿಯದು. ನಾವು ದಡ ಸೇರುವಾಗ, "ಪಾಪ, ವಯಸ್ಸಾತು ನೋಡ್ರಿ. ಗೆಲ್ಲೂ ಹೊತ್ತಿನ್ಯಾಗ ದಿಕ್ಕ ತಪ್ಪಿತು," ಎಂದಳು. ಸುತ್ತಲಿದ್ದವರು ನಕ್ಕರು. ನಿಮಗೆ ಕೇಳಿಸಿತ್ತು. ಒದ್ದೆ ತೋಳು ಹಿಂಡುತ್ತ, "ಬೀಗತಿ, ಚಹಾ ಐತೇನ್ರಿ?" ಎಂದಿರಿ, ಅಷ್ಟೇ. ನನಗೆ ಅಳು ಬಂತು.

ಪಂದ್ಯದಲ್ಲಿ ಗೆದ್ದ ಕಪ್ಪನ್ನು ಹಿಡಿದುಕೊಂಡೇ ಈರಣ್ಣ ಬಂದ. "ಟೀಚರ್, ನಾ ಹಿಂದ ಇದ್ದೆ, ನನಗ ಏನೂ ಕಾಣಲಿಲ್ಲ. ಖರೇನ ತಾಕಿತ್ತೇನ್ರಿ?"

"ಖರೇನ ತಾಕಿತ್ತಪಾ. ನೀ ಚಲೋ ನಡಿಸಿದಿ."

ಅವನು ಕಪ್ಪನ್ನು ಹುಲ್ಲಿನ ಮೇಲಿಟ್ಟು, ನಮ್ಮ ತೊಯ್ದ ಹಾಯಿಯನ್ನು ಹೆಗಲಿಗೇರಿಸಿಕೊಂಡು ಶೆಡ್ಡಿಗೆ ಒಯ್ದ. ಏನಾಯಿತೆಂದು ಆಯಿ ನನ್ನನ್ನು ಕೇಳಿದಳು. ಹೇಳಿದೆ.

ನಿನ್ನೆ ಆಯಿ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಮಳಿ ಮುಗದ ಮ್ಯಾಲೆ ಚುಕ್ಕಾಣಿ ನೀನ ಹಿಡಿಯಾಕಿ ಹೌದಲ್ಲ? ಮುಂದ ಕುಂದ್ರಾಕ ನಾ ಬರ್ಲೇನು?"

ಬಾ ಎಂದಿದ್ದೇನೆ, ಅತ್ತೆ. ಆಯಿಗೆ ಅರವತ್ತಾಗುತ್ತ ಬಂತು, ನನಗಿನ್ನೂ ಗಾಳಿ ಸರಿಯಾಗಿ ತಿಳಿಯದು. ನಮ್ಮಿಬ್ಬರಿಗೂ ಕಲಿಸಲು ಬೇಗ ಗುಣವಾಗಿ ಬನ್ನಿ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಸೊಸೆ
ಮುಗ್ಧಾ