ಹತ್ತು ಹಾಕಿ ಒಂದು ತೆಗೆದರೆ

ಹೊಲಿಗೆ ಅಂಗಡಿಯ ಮೇಲಿನ ಕೋಣೆ,
ಆರನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಕಾಲೇಜಿನಲ್ಲಿ ಗಣಿತ ಹೇಳುತ್ತಾ ದಿನವಿಡೀ ನಿಂತೇ ಇರಬೇಡ, ಕುರ್ಚಿ ಇಟ್ಟಿರುವುದು ಕೂರುವುದಕ್ಕೇ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಮನಸ್ಸು ಬರುತ್ತಿಲ್ಲ.

ಅಪ್ಪನ ಗುಂಡಿ ಡಬ್ಬಿ ನೆನಪಿದೆಯಲ್ಲ? ಒಮ್ಮೆ ರಜೆಗೆ ಬಂದಾಗ ನೀನು ಅದನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರಿದು ಒಗಟು ಹಾಕಿದ್ದೆ. ಒಂದು, ಎರಡು, ಮೂರು ಎಂದು ಸಂಖ್ಯೆ ಇರುವ ಗುಂಡಿಗಳು, ಕೊನೆಯೇ ಇಲ್ಲದಷ್ಟು ಇವೆ ಎಂದುಕೋ. ಪ್ರತಿ ಸಲ ಹತ್ತು ಹಾಕು, ಒಂದು ತೆಗೆ. ಕೊನೆಯಿಲ್ಲದಷ್ಟು ಸಲ ಹೀಗೆ ಮಾಡಿ ಮುಗಿಸಿದರೆ ಡಬ್ಬಿಯಲ್ಲಿ ಎಷ್ಟು? ಆಗಷ್ಟೇ ಹಾಕಿದ್ದನ್ನು ತೆಗೆಯುತ್ತಿದ್ದರೆ ಡಬ್ಬಿ ತುಂಬಿ ತುಳುಕುತ್ತದೆ. ಎಲ್ಲಕ್ಕಿಂತ ಹಳೆಯದನ್ನೇ ತೆಗೆಯುತ್ತಿದ್ದರೆ ಒಂದೂ ಉಳಿಯುವುದಿಲ್ಲ, ಏಕೆಂದರೆ ಪ್ರತಿ ಗುಂಡಿಗೂ ಸರದಿ ಬಂದೇ ಬರುತ್ತದೆ ಎಂದೆ ನೀನು. ಕೊರಳಲ್ಲಿ ಟೇಪು ಹಾಕಿಕೊಂಡಿದ್ದ ಅಪ್ಪ ಬಿದ್ದು ಬಿದ್ದು ನಕ್ಕರು: "ಹತ್ತು ಹಾಕಿ ಒಂದು ತೆಗೆದ್ರೆ ಖಾಲಿ ಆಗುತ್ತಾ? ಓದಿ ಓದಿ ಮರುಳಾದೆ ಕಣೇ!"

ನಾನೂ ಅಪ್ಪನ ಮಾತನ್ನೇ ನಂಬಿದೆ. ಅವರಿಗೆ ಮರೆವು ಶುರುವಾದಾಗ, ಹೋಗುವುದಕ್ಕಿಂತ ಹೆಚ್ಚು ತುಂಬಿದರಾಯಿತು ಎಂದುಕೊಂಡೆ. ದಿನಾ ಬೆಳಗ್ಗೆ ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಹತ್ತು ಹೊಸ ಸುದ್ದಿ ಹೇಳುತ್ತೇನೆ: ಯಾರ ಕೋಟಿಗೆ ಯಾವ ಬಣ್ಣದ ಲೈನಿಂಗ್, ಎದುರುಮನೆ ಬೆಕ್ಕು ಎಲ್ಲಿ ಮರಿ ಹಾಕಿತು. ಎಲ್ಲ ನೆನಪಿದೆ ಕಣೇ! ಮೊನ್ನೆ ಬಂದ ಗಿರಾಕಿಯ ತೋಳಿನ ಅಳತೆ ಕೇಳು, ಥಟ್ಟನೆ ಹೇಳುತ್ತಾರೆ. "ಹಳೇದು ಗಟ್ಟಿಯಾಗಿರುತ್ತೆ, ಹೊಸದೇ ಮೊದಲು ಹೋಗೋದು" ಎಂದಿದ್ದರು ಡಾಕ್ಟರು. ಹಾಳಾದ್ದು, ಇವರಲ್ಲಿ ಎಲ್ಲ ಉಲ್ಟಾ. ಮೊದಲು ಅಜ್ಜಿಯ ನೆನಪು ಹೋಯಿತು, ಆಮೇಲೆ ಕಸುಬು ಕಲಿಸಿದ ಮೇಸ್ತ್ರಿಯದು. ಹೋದ ವಾರ ಗೋಡೆಯ ಮೇಲಿನ ಅಮ್ಮನ ಫೋಟೋ ನೋಡಿ, "ಕಾಲರ್ ಚೆನ್ನಾಗಿ ಕೂತಿದೆ, ಯಾರಮ್ಮ ಇವರು?" ಎಂದರು. ಆ ಕಾಲರ್ ಹೊಲಿದವರು ಅವರೇ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಾಕಾಗಿದೆ ಅಕ್ಕಾ. ಸುದ್ದಿ ಹೇಳುವುದನ್ನು ನಿಲ್ಲಿಸೋಣವೆಂದರೆ ಅದಕ್ಕೂ ಭಯ, ಡಬ್ಬಿ ಇನ್ನೂ ಬೇಗ ಖಾಲಿಯಾದರೆ?

ಭಾವನಿಗೆ ಕೇಳಿದೆನೆಂದು ಹೇಳು. ಮಕ್ಕಳಿಗೆ ಮುತ್ತು. ಬೆನ್ನಿಗೆ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ
ತಂಗಿ

ತಾ.ಕ.: ಮುಂದಿನ ತಿಂಗಳು ಬರುತ್ತೇನೆಂದು ಬರೆದಿದ್ದೆಯಲ್ಲ, ಇವತ್ತಿನ ಸುದ್ದಿಗಳಲ್ಲಿ ಅದನ್ನೂ ಸೇರಿಸಿದೆ: "ಅಪ್ಪಾ, ದೊಡ್ಡವಳು ಬರ್ತಾಳಂತೆ." ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆ ಎತ್ತಲಿಲ್ಲ. "ದೊಡ್ಡವಳು ಯಾರೇ? ನನಗಿರೋದು ನೀನೊಬ್ಬಳೇ ಅಲ್ವಾ?" ಎಂದರು. ಅಷ್ಟು ಅಕ್ಕರೆಯಿಂದ ಅವರು ನನ್ನನ್ನು ಯಾವತ್ತೂ ಮಾತಾಡಿಸಿರಲಿಲ್ಲ. ಮುಂದಿನ ತಿಂಗಳವರೆಗೆ ಕಾಯಬೇಡ ಕಣೇ, ಈಗಲೇ ಬಾ. ಅವರಿಗೋಸ್ಕರ ಅಲ್ಲ. ನಿನ್ನ ನಂತರದ ಗುಂಡಿ ನಾನು.